ಕುತ್ತಿಗೆಮಟ್ಟದ ಗೋಡೆ

ಸ್ವಾತಂತ್ರ್ಯ ಬಂದ ಮರುವರ್ಷ ಬಿರುಗಾಳಿ ಮಳೆಗೆ ಹೊಳೆ ಉಕ್ಕಿ ರಾರಾವಿಯ ದುರುಗಣ್ಣನ ಮನೆಗೂ ನುಗ್ಗಿತು; ಮಣ್ಣಿನ ನಡುಗೋಡೆ ಕರಗಿ ಕುಸಿಯಿತು. ನೀರು ಬಂದದ್ದು ಮೊಣಕಾಲಮಟ್ಟ. ದುರುಗಣ್ಣ ಮಾತ್ರ ಊರ ಕಟ್ಟೆಯ ಮೇಲೆ ಕೂತು, "ಕುತ್ತಿಗಿಮಟ ಬಂದಿತ್ತು, ಎತ್ತಿನ ಬಾಲ ಹಿಡಕೊಂಡು ಈಜೀನಿ" ಎಂದು ತಿಂಗಳುಗಟ್ಟಲೆ ಕೊಚ್ಚಿಕೊಂಡ.

ಗೋಡೆ ಕಟ್ಟಲು ಬಂದ ಗೌಂಡಿ ಎರ್ರಿಸ್ವಾಮಿ ಕಟ್ಟೆಯವರ ಎದುರಿಗೇ ಕೇಳಿದ: "ನೀರು ಏರಿದಷ್ಟಕ್ಕೂ ಕಲ್ಲು, ಗಾರಿ ಹಾಕ್ತೀನಿ, ಅದು ಕರಗೂದಿಲ್ಲ. ಅದರ ಮ್ಯಾಲೆ ಮಣ್ಣು ಸಾಕು. ಎಲ್ಲಿಮಟ ಏರಿತ್ತಣ್ಣ?"

ದುರುಗಣ್ಣ ಕಟ್ಟೆಯವರತ್ತ ಒಮ್ಮೆ ನೋಡಿ ಕುತ್ತಿಗೆ ಮುಟ್ಟಿ ತೋರಿಸಿದ.

ಕುರುಗೋಡಿನ ಗುಡ್ಡದಿಂದ ಬಂಡಿಗಟ್ಟಲೆ ಕಲ್ಲು ಹೇರಿ ಹೇರಿ ಅವನ ಸೊಂಟ ಬಿದ್ದುಹೋಯಿತು. ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಹೆಂಡತಿ ಹಂಪಕ್ಕ ಅಂದಳು: "ಮುಂದಿನ ಸಲ ಹೊಳಿ ಬಂದ್ರ ಮೊಣಕಾಲು ದಾಟಿಸಬ್ಯಾಡ್ರಿ!"