ಫರಸಿ ಕೆಳಗಿನ ಹೊಂಡ

ಎರಡು ದಿನಕ್ಕೆ ಒಂಬೈನೂರು ರೂಪಾಯಿ ಖರ್ಚಾಯಿತು. ನಿಪ್ಪಾಣಿಯಿಂದ ಅಥಣಿಗೆ ಬಾಡಿಗೆ ಕಾರಿನವನು ನಾಲ್ಕು ಸಾವಿರ ಕೇಳಿದ್ದ. ಚೌಕಾಸಿ ಮಾಡಿ ಮೂರಕ್ಕೆ ಇಳಿಸಿ, ಕೊನೆಗೆ ಬಸ್ಸು ಹತ್ತಿದೆ.

ನಾನು ಚಪ್ಪಲಿ ವ್ಯಾಪಾರಿ. ಅಥಣಿ ಹತ್ತಿರದ ಹಳ್ಳಿಯಿಂದ, ನನಗೆ ಮಾಲು ಕೊಡುವ ಮನೆಯ ಸೊಸೆ ಕಸ್ತೂರಿ ಫೋನ್ ಮಾಡಿದ್ದಳು. "ಅಣ್ಣಾರ, ತೊಗಲು ಹದಾ ಮಾಡೂ ಹೊಂಡ ಒಣಗಿ ವರ್ಷ ಆದುವು. ಅದನ್ನ ಮುಚ್ಚಾಕ ಮಾವಾರು ಒಲ್ಲೆ ಅಂತಾರ. ಕೂಡಾಕ ಜಾಗಾ ಇಲ್ಲಂದ್ರ ಚಪ್ಪಲಿ ಪಟ್ಟಿ ಹೆಣಿಯೂ ಹೆಂಗಸರು ಮಿರಜಿಗೆ ಕೂಲಿಗೆ ಹೋಗ್ತಾರ. ನೀವ ಬಂದು ಹೇಳ್ರಿ."

ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ರಾಯಬಾಗದ ದಾರಿ ಹಿಡಿದೆ. ಹಿಂದೆ ಇಲ್ಲಿ ಬದುವಿಗೊಂದು ಜಾಲಿಗಿಡ ಇತ್ತು. ಹದ ಮಾಡುವವರು ಅದರ ತೊಗಟೆಯನ್ನು ಗಾಡಿಗಟ್ಟಲೆ ಒಯ್ಯುತ್ತಿದ್ದರು. ಈಗ ರಸ್ತೆಯ ಅಂಚಿನವರೆಗೂ ಕಬ್ಬು.

"ಜಾಲಿ ಎಲ್ಲಿ ಹೋದುವ್ರಿ?" ಎಂದು ಪಕ್ಕದ ಮುದುಕರನ್ನು ಕೇಳಿದೆ.

"ಕಬ್ಬು ನುಂಗಿತ್ರಿ. ಕಬ್ಬನ್ನ ನಾವು ನುಂಗಿದ್ವಿ," ಎಂದು ನಕ್ಕರು.

ಸೈಕಲ್ ಮೇಲೆ ಈ ಹಳ್ಳಿಗೆ ಮೊದಲ ಸಲ ಬಂದಾಗ ಊರ ಹೊರಗೇ ತೊಗಟೆಯ ಒಗರು ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆ. ಈ ಸಲ ಅದನ್ನೇ ಹುಡುಕಿದೆ. ಕಸ್ತೂರಿಯ ಮಾವ ಮಲಕಪ್ಪನ ಹೊಂಡದಲ್ಲಿ ಕೋಳಿಗಳು ಕೆದರುತ್ತಿದ್ದವು.

ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ ಹೊಂಡ ಮುಚ್ಚುವ ಮಾತು ತೆಗೆದೆ.

"ಹೊರಗಿಂದ ತರಿಸಿದ ತೊಗಲು ನಂಬೂದು ಹೆಂಗ, ಸಾವಕಾರ? ಮೊದಲನೇ ಸಲ ರೂಢಿ ಪ್ರಕಾರ ರಾತ್ರಿಯೆಲ್ಲಾ ನೆನಸಿ ಕುಟ್ಟಿದ್ವಿ. ರಬ್ಬರಿನಂಗ ಎದ್ದು ಕುಂತಿತು. ಮಾಲೆಲ್ಲಾ ಹಾಳು. ನಾಳೆ ಅದೂ ಬರೂದು ನಿಂತರ?" ಎಂದ ಮಲಕಪ್ಪ.

ಕಸ್ತೂರಿ ತಟ್ಟೆ ಎತ್ತುತ್ತಾ ಹೇಳಿದಳು: "ನಿಂತರ ಬ್ಯಾರೆ ಕಡಿಂದ ತರಸೂಣು. ಹೆಣಿಯೂ ಕೈ ಮಿರಜಿಗೆ ಹೋದ್ರ ಎಲ್ಲಿಂದ ತರಸ್ತೀರಿ, ಮಾವಾರ?"

ಮಲಕಪ್ಪ ಎದ್ದು ಹೊಂಡದ ದಂಡೆಗೆ ಹೋಗಿ ನಿಂತ. ಅದನ್ನು ಅವನಪ್ಪ ತೋಡಿದ್ದು. ಎರಡೂ ಕಡೆಯವರನ್ನು ಒಂದಿಷ್ಟು ಇಳಿಸುವುದೇ ನನ್ನ ಕಸುಬು. "ಮಣ್ಣು ತುಂಬೂದು ಬ್ಯಾಡ, ಮಲಕಪ್ಪಾ. ಮ್ಯಾಲ ಕಲ್ಲಿನ ಫರಸಿ ಹಾಸೂಣು. ಹೊಂಡಾನೂ ಇರ್ತೈತಿ, ಜಾಗಾನೂ ಆಗ್ತೈತಿ," ಎಂದೆ.

ಅವನು ಹೊಂಡದೊಳಗಿನ ಕೋಳಿಗಳನ್ನು ಹುಶ್ ಎಂದು ಓಡಿಸಿ ಅಂದ, "ಒಂದು ಫರಸಿ ಎತ್ತಾಕ ಬರೂಹಂಗ ಇರಲಿ."

"ಯಾಕ್ರಿ, ಒಳಗ ಇಳದು ಮಲಗಾವ್ರೇನು?" ಎಂದಳು ಸೊಸೆ. ಮುದುಕನಿಗೂ ನಗು ಬಂತು.

ಮರುದಿನ ಮುಂಜಾನೆ ಗೌಂಡಿ ಬಂದು ಫರಸಿ ಹಾಸಿದ. ಮಧ್ಯಾಹ್ನದ ಹೊತ್ತಿಗೇ ಹೆಂಗಸರು ಬಂದು ಕೂತರು. ಹಿಂದೆ ಒಬ್ಬೊಬ್ಬರೂ ತಮ್ಮ ಮನೆಯ ಚಪ್ಪಲಿಗಷ್ಟೇ ಪಟ್ಟಿ ಹೆಣೆಯುತ್ತಿದ್ದರು; ಈಗ ಪುಣೆಯ ಅಂಗಡಿಗಳಿಗೆ ಹೆಣೆಯುತ್ತಾರೆ. ಹೊಂಡ ತುಂಬಿದ್ದ ಕಾಲದಲ್ಲೂ ಈಗಿನಷ್ಟು ಮಾಲು ಈ ಮನೆಯಿಂದ ಹೋಗುತ್ತಿರಲಿಲ್ಲ. ಮರದ ಕೊಡತಿಯಿಂದ ತೊಗಲು ಕುಟ್ಟಿದರೆ ಕೆಳಗಿನ ಪೊಳ್ಳು ಧಮ್ ಧಮ್ ಎನ್ನುತ್ತಿತ್ತು. ಮಲಕಪ್ಪ ಸ್ವಲ್ಪ ಹೊತ್ತು ನಿಂತೇ ಕೇಳಿದ. ಆಮೇಲೆ ತಾನೂ ತೊಗಲು ಕೊಯ್ಯುವ ರಂಪಿಗೆ ತಂದು, ಆ ಎತ್ತುವ ಫರಸಿಯ ಮೇಲೇ ಕೂತು, ಹೆಂಗಸರಿಗೆ ತೊಗಲಿನ ಎಳೆ ಕತ್ತರಿಸಿ ಕೊಡತೊಡಗಿದ.

ನಾನು ಕಾಗವಾಡದ ಮೇಲೆ ಮಿರಜಿಗೆ ಹೋಗಿ ಊರಿಗೆ ಮರಳಿದೆ.

ನೀವು ಆ ಕಡೆ ಹೋದರೆ ಚಪ್ಪಲಿ ಕೊಳ್ಳಿರಿ. ಮೊದಲು ಎಣ್ಣೆ ಸವರಿ ಮನೆಯೊಳಗೆ ಮೆಟ್ಟಿ ಪಳಗಿಸಿರಿ, ಮಳೆಗೆ ಒಯ್ಯಬೇಡಿರಿ. ಅಡಿಯ ಅಟ್ಟೆಯ ಬೆಲೆಯನ್ನು ಬೇಕಾದಷ್ಟು ಜಗ್ಗಿ ಇಳಿಸಿರಿ, ತೊಗಲು ಎಲ್ಲಿಯದಾದರೂ ಸಿಗುತ್ತದೆ. ಹೆಣಿಗೆಯ ಕೂಲಿಗೆ ಮಾತ್ರ ಚೌಕಾಸಿ ಮಾಡಬೇಡಿರಿ.