ಬ್ರೇಕ್ ವ್ಯಾನಿನಲ್ಲಿ ನನ್ನ ಕಾಲು

ನನ್ನ ಗಾಡಿ ಅಂದರೆ ಒಂದು ಹಲಗೆ, ಅದರ ಕೆಳಗೆ ನಾಲ್ಕು ಬೇರಿಂಗು. ಮಿಲ್ಲಿನ ಗುಜರಿಯಲ್ಲಿ ಸಿಕ್ಕ ಬೇರಿಂಗುಗಳನ್ನು ಪಕ್ಕದ ಮನೆಯ ಬಡಗಿ ಸಾಬರು ಕೂಡಿಸಿಕೊಟ್ಟಿದ್ದರು. ಸಣ್ಣವನಿದ್ದಾಗ ಜ್ವರ ಬಂದು ಕಾಲೆರಡೂ ಸತ್ತುಹೋದವು. ಅದರ ಬಗ್ಗೆ ಹೇಳುವುದಕ್ಕೆ ಅಷ್ಟೇ ಇರುವುದು. ಎರಡೂ ಕೈಯಲ್ಲಿ ಕಟ್ಟಿಗೆ ತುಂಡು ಹಿಡಿದು ನೆಲಕ್ಕೆ ಒತ್ತಿ ದಬ್ಬಿದರೆ ಗಾಡಿ ಓಡುತ್ತದೆ. ಮುಂದಿನ ಎಡಗಡೆ ಗಾಲಿ ಕಿರ್ ಅಂತ ಕಿರುಚುತ್ತಿತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ನಾನು ಹರಿದ ಗೋಣಿಚೀಲ ಹೊಲಿಯುವವನು. ಆ ಕಿರ್ ಕೇಳಿದರೆ ಅಲ್ಲಿ ಹಮಾಲರೂ ದಾರಿ ಬಿಡುತ್ತಿದ್ದರು, ಎತ್ತುಗಳೂ ಬಿಡುತ್ತಿದ್ದವು.

ಹರಿಹರಕ್ಕೆ ಹೆಣ್ಣು ನೋಡಲು ಹೊರಟೆವು. ನಾನು, ಅವ್ವ, ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ. ನನಗೆ ಕಾಲಿಲ್ಲ ಅನ್ನುವುದು ಹೆಣ್ಣಿನ ಕಡೆಯವರಿಗೆ ಗೊತ್ತಿತ್ತು. ಆದರೂ ಮಾವನಿಗೆ ಗಾಡಿ ಕಂಡರೆ ನಾಚಿಕೆ.

"ಗಾಡಿ ಮನ್ಯಾಗೇ ಇರ್ಲಿ ಬಿಡೋ. ಅಲ್ಲಿ ಜಟಕಾ ಮಾಡ್ಕೊಂಡು ಹೋಗಾಣ. ನಾನೇ ಎತ್ಕೊಂಡೋಗಿ ಕೂಡಿಸಿ, ಮ್ಯಾಲೊಂದು ಶಾಲು ಹೊದಿಸ್ತೀನಿ. ರಾಜನಂಗೆ ಕಾಣ್ತೀಯ."

"ಲಗ್ನ ಆದಮ್ಯಾಲೂ ದಿನಾ ಬಂದು ಎತ್ತಿ ಕೂಡಿಸ್ತೀಯೇನ್ ಮಾವ?" ಅಂದೆ.

ನನ್ನ ಲೆಕ್ಕ ಸೀದಾ. ಆ ಮನೆಯ ಬಾಗಿಲಿಗೆ ನಾನೇ ಹೋಗಬೇಕು, ನನ್ನ ಗಾಡಿಯ ಮೇಲೆ. ಹುಡುಗಿ ನನ್ನನ್ನು ಮೊದಲು ನೋಡುವುದು ಹಾಗೇ ಆಗಬೇಕು. ಬೇಡ ಅನ್ನುವುದಾದರೆ ಆಗಲೇ ಅನ್ನಲಿ, ಅವರ ಚಹಾ ಉಳಿಯುತ್ತದೆ.

ಅವ್ವ ಬರಿಗೈಲಿ ಹೋಗುವವಳಲ್ಲ. ಒಂದು ಚೀಲ ಮಂಡಕ್ಕಿ ಕಟ್ಟಿಸಿದ್ದಳು. ಮಾವ ಹಿಂದೊಮ್ಮೆ ರೈಲಿನಲ್ಲಿ ಚೀಲ ಕಳೆದಿದ್ದ. ಅದಕ್ಕೇ ಈ ಚೀಲದ ಮೇಲೆ ಹೆಣ್ಣಿನ ಅಪ್ಪನ ಹೆಸರು, ಬೀದಿ, ಊರು ಎಲ್ಲವನ್ನೂ ಕರಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಳು.

ಸ್ಟೇಷನ್ನಿನಲ್ಲಿ ಗಾರ್ಡ್ ಅಡ್ಡ ಬಂದ.

"ಗಾಡಿ ಬೋಗಿ ಒಳಗೆ ಬ್ಯಾಡ. ಹಿಂದೆ ಸಾಮಾನಿನ ಡಬ್ಬಿ ಐತಲ್ಲ, ಆ ಬ್ರೇಕ್ ವ್ಯಾನಿಗೆ ಹಾಕ್ರಿ."

"ಇದು ಗಾಡಿ ಅಲ್ರಿ ಸಾಹೇಬ್ರೆ, ನನ್ನ ಕಾಲು."

"ಕಾಲಿಗೆ ಗಾಲಿ ಐತಲ್ಲ. ಗಾಲಿ ಇದ್ದದ್ದೆಲ್ಲ ವ್ಯಾನಿಗೇ."

"ನಿಮ್ಮ ರೈಲಿಗೂ ಗಾಲಿ ಅದಾವಲ್ರಿ. ಅದನ್ನೂ ವ್ಯಾನಿಗೆ ಹಾಕ್ತೀರೇನು?"

ಗಾರ್ಡ್ ನನ್ನನ್ನು ನೋಡಿದ, ಅವ್ವನನ್ನು ನೋಡಿದ, ಸೀಟಿ ಬಾಯಿಗಿಟ್ಟುಕೊಂಡ. ಅವ್ವ ಹೆದರಿ ಗಾಡಿಯನ್ನು ಎಳೆದುಕೊಂಡೇ ಹೋದಳು. ಮಂಡಕ್ಕಿ ಚೀಲವನ್ನು ಅದರ ಮೇಲಿಟ್ಟು, ನನ್ನ ಕಟ್ಟಿಗೆ ತುಂಡುಗಳನ್ನೂ ಸೇರಿಸಿ ಹಗ್ಗ ಬಿಗಿದಳು. "ಒಂದಕ್ಕೊಂದು ಕಾವಲಿರ್ತಾವೆ" ಅಂತ ಸಮಾಧಾನ ಬೇರೆ. ನಾನು ಬಾಗಿಲ ಸರಳು ಹಿಡಿದು ಜೋತಾಡಿ ಬೋಗಿ ಹತ್ತಿದೆ.

ಎದುರಿಗೆ ಕೂತಿದ್ದ ಆನಗೋಡಿನ ಯಜಮಾನರೊಬ್ಬರು ರೈಲು ಊರು ದಾಟುವ ಮೊದಲೇ ಶುರು ಮಾಡಿದರು. "ಯಾಕ ತಮ್ಮಾ, ಏನಾತು ಕಾಲಿಗೆ?"

"ನಡೆದೂ ನಡೆದೂ ಸವೆದೋದ್ವು ರೀ."

ಅವರು ತಮ್ಮ ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡರು.

ಹರಿಹರದಲ್ಲಿ ಮಾವ ಬ್ರೇಕ್ ವ್ಯಾನಿನ ಕಡೆ ಹೋದವನು ಬರಿಗೈಲಿ ಬಂದ. ಗಾರ್ಡ್ ಎಲ್ಲವನ್ನೂ ಇಳಿಸಿದೆ ಅಂದನಂತೆ. ಪ್ಲಾಟ್‌ಫಾರಂ ಮೇಲೆ ಚೀಲವೂ ಇಲ್ಲ, ಗಾಡಿಯೂ ಇಲ್ಲ. ರೈಲು ಹೊರಟೇ ಹೋಯಿತು. ಸ್ಟೇಷನ್ ಮಾಸ್ತರರು ಹೊರಗೆ ಬಂದು ಟೋಪಿ ಸರಿಮಾಡಿಕೊಂಡರು.

"ಇಳಿಸೋದು ಮರೆತು ಹುಬ್ಬಳ್ಳಿಗೆ ಹೋಗಿದ್ರೂ ಹೋಗಿರಬಹುದು. ವಿಚಾರಿಸ್ತೀವಿ. ನಾಳೆ ಬರ್ರಿ."

"ನಾಳೆ ತನಕ ನಾನೇನು ಮಾಡ್ಲಿ ರೀ?"

"ಕೂಡ್ರಿ."

"ಕೂತೇ ಅದೀನಲ್ರಿ."

ಮಾವನ ಮುಖದಲ್ಲಿ ದೀಪಾವಳಿ. "ಹೋಗ್ಲಿ ಬಿಡೋ, ಒಳ್ಳೇದೇ ಆತು. ಬಾ, ಎತ್ಕೊಂತೀನಿ."

"ಮುಟ್ಟಬ್ಯಾಡ" ಅಂದೆ. "ನಿನ್ನ ಚಪ್ಪಲಿ ಬಿಡು."

"ಯಾಕ?"

"ಬಿಡು ಅಂದೆ."

ಈ ಕಾರ್ಯಕ್ಕೆಂದೇ ತಂದ ಹೊಸ ಚಪ್ಪಲಿ, ಇನ್ನೂ ಕಿಚಕಿಚ ಅನ್ನುತ್ತಿದ್ದವು. ನಾನು ಅವನ್ನು ಕೈಗೆ ಮೆಟ್ಟಿಕೊಂಡೆ. ಗಾಡಿ ಇಲ್ಲದಿದ್ದರೆ ಬೇಡ, ಕೈ ಮೇಲೇ ಹೋಗುತ್ತೇನೆ ಅಂದೆ. ಅವ್ವ ಅಳುವುದಕ್ಕೆ ತಯಾರಾದಳು. ಕಡೆಗೆ ಬೀದಿಯ ಮೂಲೆಯ ತನಕ ಜಟಕಾ, ಅಲ್ಲಿಂದ ಮುಂದೆ ನಾನೇ ಅಂತ ತೀರ್ಮಾನವಾಯಿತು. ಮಾವ ಬರಿಗಾಲಲ್ಲಿ ಜಟಕಾ ಹತ್ತಿದ. ನಿಜ ಹೇಳಬೇಕೆಂದರೆ ನನಗೂ ಅಳುಕಿತ್ತು. ಗಾಡಿಯ ಮೇಲಿದ್ದರೆ ನಾನು ನಾನೇ. ಕೈ ಮೇಲೆ ಹೋದರೆ ಜನ ಅಯ್ಯೋ ಅನ್ನುತ್ತಾರೆ. ಆ ಹುಡುಗಿಯ ಬಾಯಲ್ಲಿ ಮೊದಲ ಮಾತು ಅಯ್ಯೋ ಆದರೆ ಅಲ್ಲಿಗೆ ಮುಗಿಯಿತು.

ಮೂಲೆಯಲ್ಲಿ ಇಳಿದು ನಾಲ್ಕು ಮಾರು ಹೋಗಿರಬಹುದು. ಗರಗರ ಅನ್ನುವ ಸದ್ದು ಕೇಳಿಸಿತು. ಬೇರಿಂಗಿನ ಸದ್ದು. ತಲೆ ಎತ್ತಿದರೆ ನನ್ನದೇ ಗಾಡಿ ಎದುರಿಗೆ ಬರುತ್ತಿದೆ. ಅದರ ಮೇಲೆ ಒಬ್ಬ ಅಜ್ಜಿ ಸೆರಗು ಹೊದ್ದು ಪಲ್ಲಕ್ಕಿಯಲ್ಲಿ ಕೂತ ಹಾಗೆ ಕೂತಿದ್ದಾಳೆ. ಹಿಂದಿನಿಂದ ಹಸಿರು ಸೀರೆಯ ಹುಡುಗಿಯೊಬ್ಬಳು ಬಗ್ಗಿ, ಅಜ್ಜಿಯ ಬೆನ್ನಿಗೆ ಕೈ ಕೊಟ್ಟು ದಬ್ಬುತ್ತಿದ್ದಾಳೆ.

"ಗಾಡಿ ನಿಲ್ಸ್ರಿ, ಅದು ನಂದು!" ಅಂದೆ.

ಅಜ್ಜಿ ನನ್ನ ಕೈಯ ಚಪ್ಪಲಿಯನ್ನು ನೋಡಿದಳು. "ನಿಂದ್ಹೆಂಗಾಗ್ತೈತೋ ತಮ್ಮಾ? ಟೇಶನ್ ಹಮಾಲ ಬಂದು ಮನಿಗೆ ಮುಟ್ಟಿಸಿ ಹೋದ. ನನ್ನ ಮಗನ ಹೆಸ್ರು ಬರೆದೈತೆ."

"ಹೆಸ್ರು ಬರೆದದ್ದು ಮಂಡಕ್ಕಿ ಮ್ಯಾಲಜ್ಜಿ."

ಆ ಹಮಾಲನನ್ನು ಬೈಯಲಾರೆ. ಚೀಲದ ಮೇಲೆ ವಿಳಾಸ, ಚೀಲ ಗಾಡಿಯ ಮೇಲೆ, ಹಗ್ಗ ಬಿಗಿ. ನಾವು ಸ್ಟೇಷನ್ನಿನಲ್ಲಿ ವಾದ ಮಾಡುವಷ್ಟರಲ್ಲಿ ಪುಣ್ಯಾತ್ಮ ಮನೆಗೇ ದಬ್ಬಿಕೊಂಡು ಬಂದಿದ್ದಾನೆ. ಹುಡುಗಿ ಮಾತ್ರ ಅಯ್ಯೋ ಅನ್ನಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಮಂಡಿನೋವು ಬಂದಾಗಿಂದ ಅಜ್ಜಿ ಹೊಸ್ತಿಲು ದಾಟಿಲ್ರಿ" ಅಂದಳು. "ಆ ತುದಿಮನಿ ಗೆಳತೀನ ನೋಡ್ಬೇಕಂತೆ. ಅಲ್ಲಿಗೆ ಬಿಟ್ಟು ಬರ್ತೀನಿ. ಆಮ್ಯಾಲೆ ನಿಮ್ಮ ಗಾಡಿ ನಿಮಗೆ."

ನಾನು ಅವರ ಮನೆಯ ಮುಂದಿನ ಕಟ್ಟೆ ಹತ್ತಿ ಕೂತೆ. ಒಳಗಿಂದ ಬರ್ರಿ ಬರ್ರಿ ಅಂದರು. ಅವ್ವ, ಮಾವ ಹೋದರು. ನಾನು ಹೋಗಲಿಲ್ಲ. ಹುಡುಗಿ ಖಾಲಿ ಗಾಡಿ ತಂದು ಕಟ್ಟೆಗೆ ಆನಿಸಿದಳು. ಕಟ್ಟಿಗೆ ತುಂಡುಗಳನ್ನೂ ಮರೆತಿರಲಿಲ್ಲ. ನಾನು ಇಳಿದು ಒಮ್ಮೆ ಹಿಂದೆ ಮುಂದೆ ದಬ್ಬಿ ನೋಡಿದೆ. ಏನೋ ಕಮ್ಮಿಯಾಗಿತ್ತು.

"ಕಿರ್ ಎಲ್ಲಿ ಹೋತು?"

"ಎಡಗಡೆ ಗಾಲಿ ಒದರ್ತಿತ್ತು. ಹರಳೆಣ್ಣೆ ಬಿಟ್ಟೀನಿ."

"ಯಾರು ಬಿಡು ಅಂದ್ರು? ಅದು ಒದರಿದ್ರೇ ಜನ ದಾರಿ ಬಿಡೋದು."

"ನಿಮಗೆ ಬಾಯಿಲ್ಲೇನ್ರಿ?"

ಬಾಯಿಯೇನೋ ಇತ್ತು. ಹೊಸ್ತಿಲ ಹತ್ತಿರ ಗಾಡಿಯ ಮೂತಿ ಎತ್ತಿ, ಕೈ ಊರಿ, ಒಂದೇ ಏಟಿಗೆ ಒಳಗೆ ಹೋದೆ. ಹುಡುಗಿಯ ಅಪ್ಪ ಎದ್ದು ನಿಂತು ಕೈ ಮುಗಿದರು. ಮಾವ ಜಂತಿ ನೋಡುತ್ತಿದ್ದ.

ಒಗ್ಗರಣೆ ಮಂಡಕ್ಕಿ ಕೊಟ್ಟರು, ನಮ್ಮದೇ ಚೀಲದ್ದು. ತಿನ್ನುತ್ತಿರುವಾಗ ಬೀದಿ ತುದಿಯಿಂದ ಅಜ್ಜಿಯ ಕೂಗು. "ಗಾಡಿ ಕಳಿಸ್ರೋ! ನನ್ನ ಮರೆತ್ರೇನ್ರೋ?"

ನಾನೇ ಗಾಡಿ ಓಡಿಸಿಕೊಂಡು ಹೋದೆ, ಹುಡುಗಿ ಹಿಂದೆ ಬಂದಳು. ಬರುವಾಗ ಅಜ್ಜಿ ಗಾಡಿಯ ಮೇಲೆ, ನಾನು ಮತ್ತೆ ಮಾವನ ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿ. ಅಜ್ಜಿ ನನ್ನ ಎದುರಿಗೇ ಮೊಮ್ಮಗಳನ್ನು ಕೇಳಿದಳು.

"ಏನಂತೀಯೇ ಹುಡುಗೀ? ಹೂಂ ಅಂತೀಯೋ, ಉಹೂಂ ಅಂತೀಯೋ?"

"ಎಣ್ಣೆ ಬಿಟ್ಟೀನಲ್ಲಜ್ಜಿ. ಇನ್ನೇನು ಹೇಳ್ಬೇಕು?"

ಅಜ್ಜಿಗೂ ಇಂಥದೇ ಒಂದು ಗಾಡಿ ಮಾಡಿಸಿ ಕಳಿಸುತ್ತೇನೆ ಅಂತ ಒಪ್ಪಿಕೊಂಡ ಮೇಲೇ ಆಕೆ ನನ್ನದರಿಂದ ಇಳಿದಳು. ಬಡಗಿ ಸಾಬರು ವಾರದೊಳಗೆ ಮಾಡಿಕೊಟ್ಟರು. ಬ್ರೇಕ್ ವ್ಯಾನಿನಲ್ಲೇ ಕಳಿಸಿದೆವು, ವಿಳಾಸ ಬರೆದು, ಮೇಲೊಂದು ಚೀಲ ಮಂಡಕ್ಕಿ ಕಟ್ಟಿ. ಸರಿಯಾಗಿ ಮುಟ್ಟಿತು. ಮಾವ ಮಾತ್ರ ಮದುವೆಗೂ ಹಳೇ ಚಪ್ಪಲಿಯಲ್ಲೇ ಬಂದ.