ಯಾರ ಕಡೆಯ ನಾಗಶ್ರೀ

ಇಂಟರ್ನೆಟ್ ಫೋನುಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುವ ಸಂದೇಶಗಳಿಗೆ ನಿಯಮ ಬರೆಯುವ ಸಮಿತಿಯಲ್ಲಿ ಹೊನ್ನೂರಿನ ನಾಗಶ್ರೀ ಎಂದರೆ ಕಂಪನಿಗಳವರಿಗೆ ತುಸು ಅಳುಕು. ಕೊಳ್ಳೇಗಾಲದ ಬಾಡಿಗೆ ಮನೆಯಿಂದಲೇ ಸಭೆಗೆ ಕೂರುವ ಅವಳು ಕುಕ್ಕರ್ ಎಷ್ಟು ಕೂಗಿದರೂ ಏಳುವುದಿಲ್ಲ. ಕರೆಯ ನಡುವೆ ಒತ್ತಿದ ಅಂಕಿಯಂಥದ್ದನ್ನು ಆಚೆಗೆ ಮುಟ್ಟಿಸುವ 'ಮಾಹಿತಿ' ಎಂಬ ಬಗೆಯ ಸಂದೇಶದೊಳಗೆ ಯಾರಾದರೂ ತಮ್ಮ ಕಂಪನಿಗಷ್ಟೇ ತಿಳಿಯುವ ಗುಟ್ಟಿನ ಸಂಕೇತ ತುರುಕಲು ಹೊರಟರೆ ಸಾಕು, "ಬೇರೆ ಕಂಪನಿಯ ಫೋನಿಗೆ ಇದು ಅರ್ಥವಾಗೋದು ಹೇಗೆ?" ಎಂದು ಕೇಳಿ, ಉತ್ತರ ಬರುವ ತನಕ ಬಿಡುವುದಿಲ್ಲ. ಸೊಪ್ಪಿನವಳು ದಂಟನ್ನು ಕೀರೆ ಎಂದರೂ ಇವಳು ನಿಂತು ವಿಚಾರಣೆ ಮಾಡುತ್ತಾಳೆಂದು ಗಂಡ ಚನ್ನಬಸವ ನಗುತ್ತಾನೆ. ಮೊನ್ನೆ ಅವಳ ಸ್ವಂತ ಕಂಪನಿಯೇ ಅಂಥದ್ದೊಂದು ಗುಟ್ಟು ತಂದಾಗಲೂ ಕೂಡದೆಂದಳು. "ನೀವು ಯಾರ ಕಡೆ?" ಎಂದು ಮ್ಯಾನೇಜರ್ ಸಿಡುಕಿದರು. "ಫೋನ್ ಮಾಡೋರ ಕಡೆ ಸಾ" ಎಂದಳು. ಕೆಲಸ ಹೋಗಬಹುದೆಂದು ಗೊತ್ತಿದ್ದೂ ಜಗ್ಗಲಿಲ್ಲ. ಕೊನೆಗೆ ಕಂಪನಿಯೇ ಹಿಂದೆ ಸರಿಯಿತು. ಹೋದ ವರ್ಷ ಅವಳ ತಾಯಿ ಶಿವರತ್ನಮ್ಮ ಎದೆನೋವಿನಲ್ಲಿ ಆಸ್ಪತ್ರೆಗೆ ಫೋನ್ ಮಾಡಿದ್ದರು. "ತುರ್ತಿಗೆ ಒಂದನ್ನು ಒತ್ತಿ" ಎಂದಿತು ಧ್ವನಿ. ಒತ್ತಿದರು. ಅತ್ತಲಿನ ಯಂತ್ರಕ್ಕೆ ಈ ಫೋನಿನ ಗುಟ್ಟು ತಿಳಿಯದೆ ಅದೇ ಮಾತನ್ನು ಮತ್ತೆಮತ್ತೆ ಹೇಳಿತು. ನೆರೆಯವರ ಆಟೊ ಇದ್ದುದರಿಂದ ಬದುಕಿದರು. ಆಸ್ಪತ್ರೆಯ ಮಂಚದ ಮೇಲೆ ಮಗಳ ಕೈ ಹಿಡಿದು, "ನಾನೇ ಸರ್ಯಾಗಿ ಒತ್ನಿಲ್ಲ ಕಣವ್ವ" ಎಂದು ತಾಯಿ ನಾಚಿಕೊಂಡದ್ದನ್ನು ನಾಗಶ್ರೀ ಯಾವ ಸಭೆಯಲ್ಲೂ ಹೇಳಿಲ್ಲ.